ಹೊಸ ಕ್ರೆಡಿಟ್ ಕಾರ್ಡ್ ಬಂತಾ? ಮೊದಲ ಸಂಜೆ ಮಾಡಬೇಕಾದ ಕೆಲಸಗಳು

ಹೊಸ ಕ್ರೆಡಿಟ್ ಕಾರ್ಡ್ ಕೈಗೆ ಬಂದ ದಿನ ಅದರಲ್ಲಿ ಏನನ್ನೂ ಕೊಳ್ಳಬೇಡಿ. ಆ ಸಂಜೆ ಸ್ವಲ್ಪ ಹೊತ್ತು ಕೂತು ಕಾರ್ಡನ್ನು ನಿಮ್ಮ ಹಿಡಿತಕ್ಕೆ ತಂದುಕೊಳ್ಳಿ. ಮಾರನೇ ದಿನದಿಂದ ಧೈರ್ಯವಾಗಿ ಬಳಸಿ. ಅಕ್ಕನ ಮಗಳಿಗೆ ನಾನು ಹೇಳಿದ್ದು ಇದನ್ನೇ. ಅವಳ ಪಿಜಿಯಲ್ಲಿರುವ ಹುಡುಗಿಯರಿಗೂ ಓದಿಸಬೇಕು, ಬರೆದುಕೊಡಿ ಚಿಕ್ಕಮ್ಮ ಅಂದಳು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚಿಕ್ಕಪೇಟೆ, ಅವೆನ್ಯೂ ರೋಡ್ ಕಡೆಯ ಕೆಲವು ಅಂಗಡಿಗಳಿಗೆ ಲೆಕ್ಕ ಬರೆಯುವವಳು. ಮನೆ ತ್ಯಾಗರಾಜನಗರ. ಅಂಗಡಿಯವರ ಸ್ವೈಪ್ ಮಷಿನ್ ಲೆಕ್ಕ ನನ್ನ ಕೈಗೆ ಬರುತ್ತದೆ, ಅವರ ಮನೆಮಂದಿಯ ಕಾರ್ಡ್ ಬಿಲ್ಲುಗಳೂ ಬರುತ್ತವೆ. ಹಾಗಾಗಿ ದುಡ್ಡು ಕೊಡುವವರ ಕಡೆ, ತಗೊಳ್ಳುವವರ ಕಡೆ ಎರಡನ್ನೂ ನೋಡಿದ್ದೇನೆ. ಕಾರ್ಡ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕೈಯಲ್ಲಿ ದುಡ್ಡಿಟ್ಟುಕೊಂಡು ಒಂದೂವರೆ ತಿಂಗಳ ತನಕ ಬಡ್ಡಿ ಇಲ್ಲದೆ ಸಾಮಾನು ತರಬಹುದು ಅಂದರೆ ಅದು ಒಳ್ಳೆಯ ಸೌಲಭ್ಯವೇ. ಆದರೆ ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡಿನ ಯಾವ ಬಟನ್ ಆನ್ ಇರಬೇಕು, ಯಾವ ದಿನ ಎಷ್ಟು ಕಟ್ಟಬೇಕು ಅನ್ನೋದನ್ನು ನಾವು ಹೇಳದಿದ್ದರೆ ಬ್ಯಾಂಕ್ ಹೇಳುತ್ತದೆ. ಅದು ಬ್ಯಾಂಕಿಗೆ ಅನುಕೂಲವಾಗುವ ಹಾಗೆ ಇರುತ್ತದೆ, ನಮಗಲ್ಲ.

ಅಕ್ಕನ ಮಗಳ ಊರು ಹಾಸನ. ವೈಟ್‌ಫೀಲ್ಡಿನಲ್ಲಿ ಮೊದಲ ಕೆಲಸ. ಪಿಜಿ ಯಾವಾಗ ಬದಲಾಗುತ್ತದೋ ಗೊತ್ತಿಲ್ಲ ಅಂತ ನಮ್ಮ ಮನೆಯ ವಿಳಾಸ ಕೊಟ್ಟಿದ್ದಳು. ಲಕೋಟೆ ಬಂದಾಗ ಮೊದಲು ನೋಡಬೇಕಾದದ್ದು ಅದರ ಅಂಟು. ಬಿಚ್ಚಿ ಮತ್ತೆ ಅಂಟಿಸಿದ ಹಾಗೆ ಕಂಡರೆ ತಗೊಳ್ಳಬೇಡಿ, ಬ್ಯಾಂಕಿಗೆ ಫೋನ್ ಮಾಡಿ. ಒಳಗಿನ ಕಾರ್ಡಿನಲ್ಲಿ ಹೆಸರಿನ ಅಕ್ಷರ ಸರಿಯಿದೆಯಾ ನೋಡಿ. ಹಿಂದೆ ಸಹಿಗೆ ಜಾಗ ಇದ್ದರೆ ಸಹಿ ಹಾಕಿ. ಫೋಟೋ ತೆಗೆದು ಗೆಳತಿಯರ ವಾಟ್ಸಾಪ್ ಗ್ರೂಪಿಗೆ ಹಾಕುವ ಆಸೆ ಮೊದಲ ಕಾರ್ಡಿಗೆ ಎಲ್ಲರಿಗೂ ಆಗುತ್ತದೆ. ದಯವಿಟ್ಟು ಬೇಡ. ಕಾರ್ಡ್ ನಂಬರ್, ಮುಗಿಯುವ ತಿಂಗಳು, ಸಿವಿವಿ ಅನ್ನುವ ಗುಟ್ಟಿನ ಅಂಕಿ, ಮೂರೂ ಆ ಒಂದು ತುಂಡು ಪ್ಲಾಸ್ಟಿಕ್ ಮೇಲೇ ಇರುತ್ತವೆ.

ಲಕೋಟೆಯಲ್ಲಿ ಸಣ್ಣ ಅಕ್ಷರದ ಒಂದು ಪುಸ್ತಕ ಇರುತ್ತದೆ, ಇಲ್ಲವೇ ಈಮೇಲಿನಲ್ಲಿ ಬರುತ್ತದೆ. ಪೂರ್ತಿ ಓದಿ ಅಂದರೆ ಯಾರೂ ಓದುವುದಿಲ್ಲ, ನನಗೆ ಗೊತ್ತು. ನಾಲ್ಕು ವಿಷಯ ಮಾತ್ರ ಹುಡುಕಿ ಪೆನ್ನಿನಲ್ಲಿ ಗೆರೆ ಎಳೆಯಿರಿ. ತಿಂಗಳ ಬಡ್ಡಿ ದರ, ವರ್ಷದ ಶುಲ್ಕ, ತಡವಾದರೆ ಹಾಕುವ ದಂಡ, ಎಟಿಎಂನಿಂದ ದುಡ್ಡು ತೆಗೆದರೆ ಹಾಕುವ ಶುಲ್ಕ.

ಇನ್ನು ಬಟನ್‌ಗಳು. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಒಂದು ನಿಯಮ ಇದೆ. ಹೊಸ ಕಾರ್ಡ್ ಬಂದಾಗ ಭಾರತದೊಳಗೆ ಎಟಿಎಂ ಮತ್ತು ಅಂಗಡಿಯ ಮಷಿನ್ನಿನಲ್ಲಿ ಮಾತ್ರ ಅದು ಕೆಲಸ ಮಾಡಬೇಕು. ಆನ್‌ಲೈನ್, ವಿದೇಶಿ ವ್ಯವಹಾರ, ಮಷಿನ್ನಿಗೆ ತಾಗಿಸಿ ಕಟ್ಟುವ ಟ್ಯಾಪ್, ಇವು ನಾವು ಕೇಳಿದ ಮೇಲೇ ಶುರುವಾಗಬೇಕು. ಯಾವಾಗ ಬೇಕಾದರೂ ಆ್ಯಪಿನಲ್ಲಿ ಆನ್, ಆಫ್ ಮಾಡುವ, ಒಂದೊಂದಕ್ಕೂ ಮಿತಿ ಹಾಕುವ ಅವಕಾಶ ಕೊಡಬೇಕು. ನಿಜವಾಗಿಯೂ ಜನರ ಪರವಾದ ನಿಯಮ ಇದು. ಆದರೂ ಎಷ್ಟೋ ಜನ ಮೊದಲ ಸಲ ಆನ್‌ಲೈನ್ ಪೇಮೆಂಟ್ ಆಗಲಿಲ್ಲ ಅಂತ ಸಿಟ್ಟಿನಲ್ಲಿ ಎಲ್ಲ ಬಟನ್ನೂ ಒಂದೇ ಸಲ ಆನ್ ಮಾಡಿಬಿಡುತ್ತಾರೆ. ಮಿತಿಯನ್ನೂ ಕೊನೆಯ ತನಕ ಎಳೆದುಬಿಡುತ್ತಾರೆ.

ನಾವು ಮೊದಲು ಬ್ಯಾಂಕಿನ ಆ್ಯಪಿನಲ್ಲೇ ಪಿನ್ ಹಾಕಿದೆವು. ಹುಟ್ಟಿದ ವರ್ಷ ಬೇಡ, ಫೋನಿನ ಕೊನೆಯ ನಾಲ್ಕು ಅಂಕಿಯೂ ಬೇಡ. ಆಮೇಲೆ ಅಂಗಡಿಯ ಮಷಿನ್ ಆನ್ ಇಟ್ಟೆವು. ಭಾರತದೊಳಗಿನ ಆನ್‌ಲೈನ್ ಆನ್ ಮಾಡಿ 10,000 ರೂಪಾಯಿ ಮಿತಿ ಹಾಕಿದೆವು. ಜಾಸ್ತಿ ಬೇಕಾದ ದಿನ ಏರಿಸಿಕೊಂಡರಾಯಿತು, ಅರ್ಧ ನಿಮಿಷದ ಕೆಲಸ. ಎಟಿಎಂ ಆಫ್. ವಿದೇಶಿ ವ್ಯವಹಾರ ಆಫ್. ಈ ಕೊನೆಯದು ತುಂಬಾ ಮುಖ್ಯ. ನಮ್ಮ ದೇಶದ ಸೈಟುಗಳಲ್ಲಿ ಓಟಿಪಿ ಕೇಳುತ್ತಾರೆ. ಹೊರದೇಶದ ಎಷ್ಟೋ ಸೈಟುಗಳಲ್ಲಿ ಓಟಿಪಿ ಇಲ್ಲದೆ, ಬರೀ ಕಾರ್ಡ್ ನಂಬರ್ ಮತ್ತು ಸಿವಿವಿಯಿಂದಲೇ ದುಡ್ಡು ಹೋಗಬಹುದು. ಆ ಬಾಗಿಲು ಸುಮ್ನೆ ತೆರೆದಿಡುವ ಅಗತ್ಯವೇ ಇಲ್ಲ.

ಟ್ಯಾಪ್ ಬಗ್ಗೆ ನಮ್ಮಿಬ್ಬರಿಗೆ ಸ್ವಲ್ಪ ವಾದ ಆಯಿತು. 5,000 ರೂಪಾಯಿ ತನಕ ಪಿನ್ ಇಲ್ಲದೆ ತಾಗಿಸಿ ಕಟ್ಟಬಹುದು. 2021ರ ಜನವರಿಗೆ ಮುಂಚೆ ಇದು 2,000 ಇತ್ತು. ‘ಅನುಕೂಲ ಅಲ್ವಾ ಚಿಕ್ಕಮ್ಮ?’ ಅಂದಳು. ಅನುಕೂಲವೇ. ಆದರೆ ವೈಟ್‌ಫೀಲ್ಡಿನಿಂದ ಸಂಜೆ ಹೊತ್ತು ಮೆಟ್ರೋ ಹತ್ತುವವಳ ಪರ್ಸ್ ಕಳೆದರೆ, ಸಿಕ್ಕವರಿಗೂ ಅಷ್ಟೇ ಅನುಕೂಲ. ಕೊನೆಗೆ 1,000 ರೂಪಾಯಿ ಮಿತಿ ಹಾಕಿ ಆನ್ ಇಟ್ಟಳು. ನಾನು ಒಪ್ಪಿದೆ.

ಆಕ್ಟಿವೇಟ್ ಮಾಡಲು ಗಡಿಬಿಡಿ ಇಲ್ಲ. 30 ದಿನ ಕಳೆದರೂ ನೀವು ಕಾರ್ಡನ್ನು ಚಾಲೂ ಮಾಡದಿದ್ದರೆ ಬ್ಯಾಂಕ್ ಓಟಿಪಿ ಕಳಿಸಿ ಒಪ್ಪಿಗೆ ಕೇಳಬೇಕು. ನೀವು ಒಪ್ಪದಿದ್ದರೆ 7 ಕೆಲಸದ ದಿನಗಳೊಳಗೆ ಶುಲ್ಕವಿಲ್ಲದೆ ಆ ಖಾತೆ ಮುಚ್ಚಬೇಕು. 2022ರಲ್ಲೇ ರಿಸರ್ವ್ ಬ್ಯಾಂಕ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ‘ಇವತ್ತೇ ಆಕ್ಟಿವೇಟ್ ಮಾಡದಿದ್ದರೆ ದಂಡ ಬೀಳುತ್ತೆ ಮೇಡಂ’ ಅಂತ ಯಾರಾದರೂ ಫೋನ್ ಮಾಡಿದರೆ ಕಟ್ ಮಾಡಿ. ಹೊಸ ಕಾರ್ಡ್ ಬಂದ ವಾರ ಇಂಥ ಫೋನ್ ಬರಬಹುದು. ಚೊಕ್ಕ ಕನ್ನಡದಲ್ಲೇ ಮಾತಾಡಬಹುದು, ನಿಮ್ಮ ಹೆಸರೂ ಹೇಳಬಹುದು. ಲಿಮಿಟ್ ಏರಿಸುತ್ತೇವೆ ಅನ್ನುತ್ತಾರೆ, ಖರ್ಚು ಮಾಡಿದ್ದಕ್ಕೆ ಕಾರ್ಡಿನಲ್ಲಿ ಸಿಗುವ ಪಾಯಿಂಟ್ಸ್ ಇವತ್ತೇ ಮುಗಿಯುತ್ತವೆ ಅನ್ನುತ್ತಾರೆ, ವಾಟ್ಸಾಪಿನಲ್ಲಿ ಒಂದು ಆ್ಯಪ್ ಕಳಿಸುತ್ತೇವೆ ಅನ್ನುತ್ತಾರೆ. ಓಟಿಪಿ ಕೇಳಿದ ಕೂಡಲೇ ಮಾತು ಮುಗಿಯಿತು. ಬ್ಯಾಂಕಿನವರು ಫೋನಿನಲ್ಲಿ ಅದನ್ನು ಕೇಳುವುದೇ ಇಲ್ಲ.

ಈಗ ತಾರೀಕು. ನನ್ನ ಪ್ರಕಾರ ಕಾರ್ಡ್ ಅಂದರೆ ಎರಡು ತಾರೀಕು, ಅಷ್ಟೇ. ಬಿಲ್ ತಯಾರಾಗುವ ದಿನ ಒಂದು, ದುಡ್ಡು ಕಟ್ಟಲು ಕೊನೆಯ ದಿನ ಇನ್ನೊಂದು. ಅವಳ ಕಾರ್ಡಿನ ಬಿಲ್ ತಿಂಗಳ 18ಕ್ಕೆ ತಯಾರಾಗುತ್ತದೆ, ಕಟ್ಟಲು ಮುಂದಿನ ತಿಂಗಳ 7ರ ತನಕ ಸಮಯ. ಸೆಪ್ಟೆಂಬರ್ 18ರಂದು ಒಂದು ಮಿಕ್ಸಿ ತಗೊಂಡಳು ಅಂದುಕೊಳ್ಳಿ. ಅದು ಅವತ್ತಿನ ಬಿಲ್ಲಿಗೇ ಸೇರಿದರೆ ಅಕ್ಟೋಬರ್ 7ಕ್ಕೆ ಕಟ್ಟಬೇಕು. ಕೈಯಲ್ಲಿ 19 ದಿನ. ಅದೇ ಮಿಕ್ಸಿಯನ್ನು 19ರಂದು ತಗೊಂಡರೆ ಅದು ಅಕ್ಟೋಬರ್ 18ರ ಬಿಲ್ಲಿಗೆ ಹೋಗುತ್ತದೆ, ಕಟ್ಟುವುದು ನವೆಂಬರ್ 7ಕ್ಕೆ. 49 ದಿನ. ಒಂದು ರಾತ್ರಿ ತಡೆದರೆ ಒಂದು ತಿಂಗಳು ಸಿಕ್ಕಿತು. ದೊಡ್ಡ ಸಾಮಾನು ಯಾವಾಗ ತಗೊಳ್ಳಬೇಕು ಅನ್ನೋದಕ್ಕೆ ಇದಕ್ಕಿಂತ ಬೇರೆ ಉಪಾಯ ಬೇಡ.

ಸಂಬಳ ಬರುವ ದಿನಕ್ಕೂ ಈ ಕೊನೆಯ ದಿನಕ್ಕೂ ಹೊಂದಾಣಿಕೆ ಇರಬೇಕು. ಅವಳಿಗೆ ಸಂಬಳ ತಿಂಗಳ ಕೊನೆಯ ದಿನ ಬರುತ್ತದೆ, 7ನೇ ತಾರೀಕು ಸರಿಹೋಗುತ್ತದೆ. ನಿಮಗೆ ಸಂಬಳ 10ಕ್ಕೆ ಬಂದು ಬಿಲ್ಲಿನ ಕೊನೆಯ ದಿನ 5 ಇದ್ದರೆ ಪ್ರತಿ ತಿಂಗಳೂ ಒದ್ದಾಟ. ಬಿಲ್ಲಿನ ಅವಧಿಯನ್ನು ಕನಿಷ್ಠ ಒಂದು ಸಲವಾದರೂ ನಮಗೆ ಬೇಕಾದ ಹಾಗೆ ಬದಲಿಸಿಕೊಳ್ಳುವ ಹಕ್ಕು ನಮಗಿದೆ. ಬ್ಯಾಂಕಿನವರು ತಾವಾಗಿ ಹೇಳುವುದು ಕಡಿಮೆ. ಕೇಳಿ.

ಇನ್ನು ಬಿಲ್ಲಿನ ಮೇಲೆ ಎರಡು ಮೊತ್ತ ಇರುತ್ತವೆ. ಟೋಟಲ್ ಡ್ಯೂ ಅಂದರೆ ಪೂರ್ತಿ ಬಾಕಿ, ಮಿನಿಮಮ್ ಡ್ಯೂ ಅಂದರೆ ಕನಿಷ್ಠ ಕಟ್ಟಲೇಬೇಕಾದ ಮೊತ್ತ. ಈ ಎರಡನೆಯದನ್ನು ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಏಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ.

ಬಿಲ್ 40,000 ರೂಪಾಯಿ ಅಂದುಕೊಳ್ಳಿ. ಮಿನಿಮಮ್ ಸಾಮಾನ್ಯವಾಗಿ ಶೇ. 5ರ ಆಸುಪಾಸು, ಅಂದರೆ 2,000. ಅಷ್ಟು ಕಟ್ಟಿ ‘ಸದ್ಯಕ್ಕೆ ಸರಿಹೋಯಿತು’ ಅಂತ ಬಿಟ್ಟಿರಿ. ಉಳಿದದ್ದು 38,000. ತಿಂಗಳಿಗೆ ಶೇ. 3.5 ಬಡ್ಡಿ ಇರುವ ಕಾರ್ಡಾದರೆ ಒಂದು ತಿಂಗಳಿಗೆ 1,330 ರೂಪಾಯಿ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಅದು 239 ರೂಪಾಯಿ. ಒಟ್ಟು 1,569. ನೀವು ಕಟ್ಟಿದ 2,000ದಲ್ಲಿ ಸಾಲಕ್ಕೆ ಇಳಿದದ್ದು ಎಷ್ಟು? ಸುಮಾರು 430 ರೂಪಾಯಿ. ಇಷ್ಟಕ್ಕೂ ಇದು ಕಡಿಮೆ ಹೇಳಿದ ಲೆಕ್ಕ. ಪೂರ್ತಿ ಕಟ್ಟದಿದ್ದರೆ ಬಡ್ಡಿಯನ್ನು ನೀವು ಸಾಮಾನು ತಗೊಂಡ ದಿನದಿಂದಲೇ ಎಣಿಸುತ್ತಾರೆ. ಇನ್ನೂ ಒಂದಿದೆ. ಹಳೆ ಬಾಕಿ ಇರುವಾಗ ಹೊಸದಾಗಿ ತಗೊಂಡದ್ದಕ್ಕೂ ಆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಇವತ್ತು ತಂದ ರಾಗಿ ಹಿಟ್ಟಿಗೂ ಇವತ್ತಿನಿಂದಲೇ ಬಡ್ಡಿ.

ತಿಂಗಳಿಗೆ ಶೇ. 3.5 ಅಂದರೆ ವರ್ಷಕ್ಕೆ ಶೇ. 42. ಒಂದು ಕಾಲದಲ್ಲಿ ಗ್ರಾಹಕರ ರಾಷ್ಟ್ರೀಯ ಆಯೋಗ ಶೇ. 30ಕ್ಕಿಂತ ಜಾಸ್ತಿ ಬಡ್ಡಿ ತಗೊಳ್ಳಬಾರದು ಅಂತ ಹೇಳಿತ್ತು, 2008ರಲ್ಲಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಅಂದರೆ ಆ ಮಿತಿ ಈಗ ಇಲ್ಲ. ನಿಮ್ಮನ್ನು ಕಾಪಾಡುವುದು ನೀವು ಪೂರ್ತಿ ಕಟ್ಟುವುದೊಂದೇ.

ಹಾಗಾಗಿ ಆ ಸಂಜೆಯೇ ಆಟೋ ಡೆಬಿಟ್ ಹಾಕಿಸಿದೆ, ಅಂದರೆ ಬಿಲ್ಲಿನ ದುಡ್ಡು ಖಾತೆಯಿಂದ ತಾನಾಗೇ ಹೋಗುವ ಏರ್ಪಾಡು. ಆ್ಯಪಿನಲ್ಲಿ ಅದು ‘ಮಿನಿಮಮ್’ ಬೇಕಾ ‘ಟೋಟಲ್’ ಬೇಕಾ ಅಂತ ಕೇಳುತ್ತದೆ. ಟೋಟಲ್ ಆರಿಸಿ. ಇದನ್ನು ಎರಡು ಸಲ ನೋಡಿ ಒತ್ತಿ. ಆಟೋ ಡೆಬಿಟ್ ಇದೆ ಅಂತ ನೆಮ್ಮದಿಯಾಗಿದ್ದು, ವರ್ಷದ ಕೊನೆಗೆ ಬರೀ ಮಿನಿಮಮ್ ಹೋಗುತ್ತಿತ್ತು ಅಂತ ಗೊತ್ತಾದ ಮನೆಗಳನ್ನು ನಾನು ಕಂಡಿದ್ದೇನೆ. ಆ ಬಿಲ್ಲುಗಳನ್ನು ಲೆಕ್ಕ ಹಾಕಿ ಅವರ ಮುಂದೆ ಇಡುವಾಗ ನನಗೇ ಬೇಜಾರಾಗುತ್ತದೆ.

ಯಾವುದೋ ಕಾರಣಕ್ಕೆ ಒಂದು ದಿನ ತಪ್ಪಿತು ಅನ್ನಿ, ಗಾಬರಿ ಬೇಡ. ಕೊನೆಯ ದಿನ ಕಳೆದು 3 ದಿನ ದಾಟಿದ ಮೇಲೆ ಮಾತ್ರ ತಡದ ದಂಡ ಹಾಕಬಹುದು, ಜನರ ಸಾಲದ ಚರಿತ್ರೆ ದಾಖಲಿಸುವ ಸಂಸ್ಥೆಯಾದ ಸಿಬಿಲ್‌ಗೆ ತಿಳಿಸುವುದೂ ಆಮೇಲೆಯೇ. ಆ ದಂಡವನ್ನೂ ಉಳಿದ ಬಾಕಿಯ ಮೇಲೆ ಮಾತ್ರ ಹಾಕಬೇಕು, ಇಡೀ ಬಿಲ್ಲಿನ ಮೇಲಲ್ಲ.

ಎಲ್ಲಿ ಬಳಸಬೇಕು? ಹೇಗೂ ಮಾಡಲೇಬೇಕಾದ ಖರ್ಚಿಗೆ. ಬೆಸ್ಕಾಂ ಬಿಲ್, ಮೊಬೈಲ್ ರೀಚಾರ್ಜ್, ದಿನಸಿ, ಔಷಧಿ, ಊರಿಗೆ ಹೋಗುವ ಬಸ್ ಟಿಕೆಟ್. ಆನ್‌ಲೈನಿನಲ್ಲಿ ಕಟ್ಟುವಾಗ ಕಾರ್ಡಿಗೆ ಬೇರೆ ಶುಲ್ಕ ಸೇರಿಸುತ್ತಾರಾ ಅಂತ ಕೊನೆಯ ಪುಟದಲ್ಲಿ ಒಮ್ಮೆ ನೋಡಿಕೊಳ್ಳಿ. ಪೆಟ್ರೋಲ್ ಬಂಕಿನಲ್ಲಿ ಶೇ. 1ರಷ್ಟು ಸರ್‌ಚಾರ್ಜ್ ಬೀಳುತ್ತದೆ. ಎಷ್ಟೋ ಕಾರ್ಡುಗಳು ಅದನ್ನು ವಾಪಸ್ ಕೊಡುತ್ತವೆ, ಆದರೆ ಇಷ್ಟು ರೂಪಾಯಿಯಿಂದ ಇಷ್ಟು ರೂಪಾಯಿ ತನಕ ಅಂತ ಮಿತಿ ಇರುತ್ತದೆ. ಸ್ಕೂಟರಿಗೆ 200 ರೂಪಾಯಿ ಪೆಟ್ರೋಲ್ ಹಾಕಿಸಲು ಕಾರ್ಡ್ ತೆಗೆಯುವುದರಲ್ಲಿ ಲಾಭ ಇಲ್ಲ.

ಪೇಟೆ ಕಡೆ ಬಂದರೆ ‘ಕಾರ್ಡಾದರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ’ ಅನ್ನುವ ಅಂಗಡಿಗಳು ಸಿಗುತ್ತವೆ. ಜನ ಜಗಳಕ್ಕೆ ನಿಲ್ಲುತ್ತಾರೆ. ಅಂಗಡಿಯ ಕಡೆಯ ಲೆಕ್ಕವನ್ನೂ ಹೇಳುತ್ತೇನೆ. ಕ್ರೆಡಿಟ್ ಕಾರ್ಡ್ ಉಜ್ಜಿದರೆ ಅಂಗಡಿಯವರಿಗೆ ಬರುವ ದುಡ್ಡಿನಲ್ಲಿ ಶೇ. 2ರ ಆಸುಪಾಸು ಬ್ಯಾಂಕು ಹಿಡಿದುಕೊಳ್ಳುತ್ತದೆ. ಬ್ಯಾಂಕ್ ಖಾತೆಯಿಂದ ಯುಪಿಐನಲ್ಲಿ ಕೊಟ್ಟರೆ 2020ರಿಂದ ಅಂಥ ಕಡಿತ ಇಲ್ಲ. ಒಂದು ಸೀರೆಯ ಮೇಲೆ ಅವರಿಗೆ ಉಳಿಯುವುದರಲ್ಲಿ ಎರಡು ಪರ್ಸೆಂಟ್ ಸಣ್ಣದಲ್ಲ. ಹಾಗಂತ ನೀವು ಆ ಹೊರೆ ಹೊರಬೇಕಿಲ್ಲ. ನಿಮಗೆ ಸಿಗುವ ಪಾಯಿಂಟ್ಸ್ ಬೆಲೆ ಎರಡು ಪರ್ಸೆಂಟಿಗಿಂತ ಕಡಿಮೆ ಇದ್ದರೆ ಯುಪಿಐನಲ್ಲಿ ಕೊಟ್ಟು ಬನ್ನಿ. ಇಬ್ಬರಿಗೂ ಒಳ್ಳೆಯದು.

ಅವಳ ಕಾರ್ಡ್ ರುಪೇ, ಅಂದರೆ ವೀಸಾ, ಮಾಸ್ಟರ್‌ಕಾರ್ಡ್ ಥರದ್ದೇ ನಮ್ಮ ದೇಶದ ಕಾರ್ಡ್ ಜಾಲದ್ದು. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐ ಆ್ಯಪಿಗೆ ಸೇರಿಸಿ ಅಂಗಡಿಯ ಕ್ಯೂಆರ್ ಸ್ಕ್ಯಾನ್ ಮಾಡಿ ಕಟ್ಟಬಹುದು. ಅಂಗಡಿಗಳಿಗೆ ಮಾತ್ರ, ಗೆಳತಿಯ ಖಾತೆಗೆ ಕಳಿಸಲು ಆಗುವುದಿಲ್ಲ. ಹೊಸದರಲ್ಲಿ ಇದನ್ನು ಸೇರಿಸಬೇಡ ಅಂದೆ. ದರ್ಶಿನಿಯ ಕಾಫಿ, ಆಟೋ, ಎಳನೀರು ಎಲ್ಲ ಕಾರ್ಡಿಗೆ ಹೋದರೆ ತಿಂಗಳ ಬಿಲ್ಲಿನಲ್ಲಿ ಸಾಲು ಸಾಲು ಚಿಲ್ಲರೆ. ಅದರ ನಡುವೆ ನಿಮ್ಮದಲ್ಲದ ಒಂದು ಖರ್ಚು ನುಸುಳಿದರೂ ಕಾಣುವುದಿಲ್ಲ. ಮೂಲೆ ಅಂಗಡಿಯ ಉದ್ರಿ ಪುಸ್ತಕದ ಹಾಗೆ, ಪ್ರತಿ ಸಾಲೂ ನೆನಪಿರುವಷ್ಟು ಮಾತ್ರ ಬರೆಸಬೇಕು.

ಹೋಟೆಲಿನಲ್ಲಿ ಕಾರ್ಡನ್ನು ಒಳಗೆ ತಗೊಂಡು ಹೋಗಲು ಬಿಡಬೇಡಿ. ಮಷಿನ್ ತನ್ನಿ ಅನ್ನಿ, ತರುತ್ತಾರೆ. ಮೊತ್ತ ನೋಡಿ, ಪಿನ್ ನೀವೇ ಒತ್ತಿ. ಪಿನ್ ಗಟ್ಟಿಯಾಗಿ ಹೇಳುವ ಅಭ್ಯಾಸ ನಮ್ಮ ಕಡೆ ಹಿರಿಯರಲ್ಲಿ ಇನ್ನೂ ಇದೆ, ಅವರಿಗೂ ತಿಳಿಸಿಕೊಡಿ.

ಎಟಿಎಂನಿಂದ ದುಡ್ಡು ತೆಗೆಯುವುದು ಬೇಡವೇ ಬೇಡ. ತೆಗೆದ ಕ್ಷಣದಿಂದ ಬಡ್ಡಿ, ಮೇಲೆ ಪ್ರತಿ ಸಲ ಶುಲ್ಕ, ಅದರ ಮೇಲೆ ಜಿಎಸ್‌ಟಿ. ಆ ಬಟನ್ ಆಫ್ ಮಾಡಿದ್ದು ಅದಕ್ಕೇ.

ಕಾರ್ಡ್ ಬಂದ ಸ್ವಲ್ಪ ದಿನಕ್ಕೆ ‘ನೋ ಕಾಸ್ಟ್ ಇಎಂಐ’ ಅನ್ನುವ ಬೋರ್ಡುಗಳು ಎಲ್ಲೆಲ್ಲೂ ಕಾಣಲು ಶುರುವಾಗುತ್ತವೆ. ಫೋನ್ ಬದಲಿಸಬೇಕು ಅಂತ ಅವಳಿಗೂ ಮನಸ್ಸಾಯಿತು. ಬಡ್ಡಿ ಇಲ್ಲ ಅಂತ ಹೇಳಿದರೂ ಬ್ಯಾಂಕ್ ಬಡ್ಡಿ ಹಾಕುತ್ತದೆ, ಅಂಗಡಿಯವರು ಅಷ್ಟನ್ನು ಬೆಲೆಯಲ್ಲಿ ಕಡಿಮೆ ಮಾಡುತ್ತಾರೆ, ಅಷ್ಟೇ. ಆ ಬಡ್ಡಿಯ ಮೇಲಿನ ಜಿಎಸ್‌ಟಿ ನಮ್ಮ ಮೇಲೇ ಬೀಳುತ್ತದೆ. ಪ್ರೊಸೆಸಿಂಗ್ ಶುಲ್ಕ ಬೇರೆ. ಒಂದೇ ಸಲ ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ ಅಂತ ಕೇಳಿ ನೋಡಿ. ಆ ಎರಡು ಬೆಲೆಗಳ ನಡುವಿನ ವ್ಯತ್ಯಾಸವೇ ನಿಜವಾದ ಕಾಸ್ಟ್. ಇಎಂಐ ಮುಗಿಯುವ ತನಕ ಉಳಿದ ಕಂತಿನಷ್ಟು ಲಿಮಿಟ್ ಕೂಡ ಸಿಗುವುದಿಲ್ಲ.

ಲಿಮಿಟ್ ಬಗ್ಗೆ ಒಂದು ಮಾತು. ಅವಳಿಗೆ ಒಂದು ಲಕ್ಷ ಕೊಟ್ಟಿದ್ದಾರೆ. ಅದು ಅವಳ ದುಡ್ಡಲ್ಲ, ಅವಳಿಗೆ ಸಿಗುವ ಸಾಲ. ಸಿಬಿಲ್ ಅಂಕ 300ರಿಂದ 900ರ ತನಕ ಇರುತ್ತದೆ. ಸಮಯಕ್ಕೆ ಕಟ್ಟುವುದು ಅದರಲ್ಲಿ ಮುಖ್ಯ, ಲಿಮಿಟ್ಟಿನ ಎಷ್ಟು ಪಾಲು ಬಳಸುತ್ತೀರಿ ಅನ್ನೋದೂ ಸೇರುತ್ತದೆ. ಶೇ. 30ರೊಳಗೆ ಇರಲಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅಂದರೆ ಅವಳಿಗೆ 30,000. ನಾನು ಇನ್ನೂ ಕಡಿಮೆ ಹೇಳಿದ್ದೇನೆ. ಬಾಡಿಗೆ, ಊರಿಗೆ ಕಳಿಸುವ ದುಡ್ಡು ಕಳೆದು ಖಾತೆಯಲ್ಲಿ ಏನು ಉಳಿಯುತ್ತದೋ ಅದೇ ಅವಳ ಲಿಮಿಟ್. ಮುಂದೆ ಮನೆಸಾಲ ಕೇಳಲು ಹೋದಾಗ ಈ ಮೊದಲ ಕಾರ್ಡಿನ ಚರಿತ್ರೆ ತುಂಬಾ ಕೆಲಸಕ್ಕೆ ಬರುತ್ತದೆ.

ಏನಾದರೂ ಮೋಸ ಆದರೆ ಸಮಯವೇ ಮುಖ್ಯ. ನೀವು ಮಾಡದ ವ್ಯವಹಾರದ ಮೆಸೇಜ್ ಬಂದ ಕೂಡಲೇ ಆ್ಯಪಿನಲ್ಲಿ ಕಾರ್ಡ್ ಬ್ಲಾಕ್ ಮಾಡಿ, ಬ್ಯಾಂಕಿಗೆ ತಿಳಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ಅಪರಾಧದ ಸಹಾಯವಾಣಿ. ನಿಮ್ಮ ತಪ್ಪಿಲ್ಲದೆ ಹೊರಗಿನವರಿಂದ ಮೋಸ ಆಗಿ, 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳಬಾರದು. ರಿಸರ್ವ್ ಬ್ಯಾಂಕ್ 2017ರಲ್ಲಿ ಹಾಗೆ ಹೇಳಿದೆ. ನೀವೇ ಓಟಿಪಿ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ನಿಮ್ಮದೇ. ಅದಕ್ಕೇ ನಾಚಿಕೆ ಪಟ್ಟುಕೊಂಡು ಸುಮ್ಮನಿರಬಾರದು. ಓಟಿಪಿ ಹೇಳಿಬಿಟ್ಟಿದ್ದರೂ ತಕ್ಷಣ ಫೋನ್ ಮಾಡಿ, ಮುಂದೆ ಹೋಗುವ ದುಡ್ಡಾದರೂ ಉಳಿಯುತ್ತದೆ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ಗ್ರಾಹಕರ ದೂರು ವಿಚಾರಿಸುವ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕ ಇಲ್ಲ.

ಮೊದಲ ವರ್ಷ ಉಚಿತ ಅಂತ ಕೊಟ್ಟ ಕಾರ್ಡಾದರೆ ಎರಡನೇ ವರ್ಷದ ಶುಲ್ಕ ಬೀಳುವ ತಿಂಗಳನ್ನು ಫೋನಿನ ಕ್ಯಾಲೆಂಡರಿನಲ್ಲಿ ಈಗಲೇ ಹಾಕಿ. ಬೇಡ ಅನ್ನಿಸಿದರೆ ಬಾಕಿ ತೀರಿಸಿ ಮುಚ್ಚಲು ಬರೆದುಕೊಡಿ. 7 ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿ ಬ್ಯಾಂಕೇ ನಿಮಗೆ ಕೊಡಬೇಕು.

ಈಗ ಹುಡುಗಿ ಹೊಸದೊಂದು ಪ್ರಶ್ನೆ ಹಿಡಿದುಕೊಂಡು ಬಂದಿದ್ದಾಳೆ. ಹಾಸನದಲ್ಲಿರುವ ಅಮ್ಮನಿಗೆ ತನ್ನ ಕಾರ್ಡಿನ ಮೇಲೆ ಇನ್ನೊಂದು ಆ್ಯಡ್-ಆನ್ ಕಾರ್ಡ್ ಮಾಡಿಸಬಹುದಾ ಅಂತ. ಮಾಡಿಸಬಹುದು. ಲಿಮಿಟ್ ಸಾಮಾನ್ಯವಾಗಿ ಇಬ್ಬರಿಗೂ ಸೇರಿ ಒಂದೇ, ಬಿಲ್ ಮಾತ್ರ ಇವಳ ಹೆಸರಿಗೆ ಬರುತ್ತದೆ, ಕಟ್ಟುವ ಹೊಣೆಯೂ ಇವಳದೇ. ಅಕ್ಕನಿಗೆ ಮಗಳು ಕೊಡಿಸಿದ ಕಾರ್ಡ್ ಅಂದರೆ ಎಷ್ಟು ಖುಷಿ ಆಗುತ್ತದೆ ಅಂತ ನನಗೆ ಗೊತ್ತು. ಆದರೂ ಈ ದೀಪಾವಳಿ ಕಳೆಯಲಿ, ಹಬ್ಬದ ಖರ್ಚಿನ ಬಿಲ್ ಬಂದು ಅದು ಪೂರ್ತಿ ಕಟ್ಟಿ ಮುಗಿಯಲಿ, ಆಮೇಲೆ ಅರ್ಜಿ ಹಾಕು ಮರಿ ಅಂದಿದ್ದೇನೆ.